ಗ್ಯಾರಿ ಕಿಲ್ಡಾಲ್: ಡಾಸ್‌ಗೆ ದಾರಿ ತೋರಿದ ಗಣಕತಜ್ಞ

ಮೌಸ್ ಇಲ್ಲದ ಕಾಲದಲ್ಲಿ ಗಣಕಯಂತ್ರ ಕಲಿತವರಿಗೆ ಡಾಸ್ ಚಿರಪರಿಚಿತ. ಕಪ್ಪು ಪರದೆಯಲ್ಲಿ ‘ಎ’ ಅಕ್ಷರ ಮೂಡಿದೊಡನೆ ‘ಡಿಐಆರ್’ ಎಂದು ಟೈಪಿಸಿದರೆ ಕಡತಗಳ ಪಟ್ಟಿ ತೆರೆದುಕೊಳ್ಳುತ್ತಿತ್ತು. ಈ ಪದ್ಧತಿಯನ್ನು ಮೇಜಿನ ಮೇಲಿನ ಪುಟ್ಟ ಗಣಕಗಳಿಗೆ ಮೊದಲು ತಂದದ್ದು ಮೈಕ್ರೋಸಾಫ್ಟ್ ಅಲ್ಲ. ಆ ಶ್ರೇಯ ಅಮೆರಿಕದ ಗ್ಯಾರಿ ಕಿಲ್ಡಾಲ್ ಅವರಿಗೆ ಸಲ್ಲಬೇಕು.

1942ರ ಮೇ 19ರಂದು ಸಿಯಾಟಲ್‌ನಲ್ಲಿ ಜನಿಸಿದ ಕಿಲ್ಡಾಲ್ ಅವರ ಮನೆತನ ನಾವಿಕ ವಿದ್ಯೆಯ ಶಾಲೆಯೊಂದನ್ನು ನಡೆಸುತ್ತಿತ್ತು. ಗಣಿತ ಅಧ್ಯಾಪಕರಾಗುವ ಹಂಬಲದಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ ಅವರು ಗಣಕ ವಿಜ್ಞಾನಕ್ಕೆ ಮನಸೋತು, 1972ರಲ್ಲಿ ಅದರಲ್ಲೇ ಡಾಕ್ಟರೇಟ್ ಪಡೆದರು. ನೌಕಾಪಡೆಯ ಸೇವೆ ಅವರನ್ನು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾ ಸ್ನಾತಕೋತ್ತರ ಶಾಲೆಯ ಅಧ್ಯಾಪಕರನ್ನಾಗಿಸಿತು.

ಇಂಟೆಲ್ ಸಂಸ್ಥೆಯ ಪುಟ್ಟ ಸಂಸ್ಕಾರಕಗಳನ್ನು ಹಲವರು ಕೇವಲ ನಿಯಂತ್ರಣ ಸಾಧನಗಳೆಂದು ಬಗೆದಿದ್ದಾಗ, ಕಿಲ್ಡಾಲ್ ಅವುಗಳಲ್ಲಿ ಪೂರ್ಣ ಗಣಕವನ್ನೇ ಕಂಡರು. ಇಂಟೆಲ್‌ನ ಸಲಹೆಗಾರರಾಗಿ ಪಿಎಲ್/ಎಂ ಎಂಬ ಭಾಷೆಯನ್ನು ರೂಪಿಸಿ, 1974ರಲ್ಲಿ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಸಿದ್ಧಪಡಿಸಿದರು. ಪತ್ನಿ ಡೊರೊಥಿ ಅವರೊಡನೆ ಕಟ್ಟಿದ ಡಿಜಿಟಲ್ ರಿಸರ್ಚ್ ಸಂಸ್ಥೆ ಅದನ್ನು ಮಾರುಕಟ್ಟೆಗೆ ಒಯ್ದಿತು.

ಅವರ ನಿಜವಾದ ಸಾಧನೆ ಬಯೋಸ್‌ನ ಕಲ್ಪನೆಯಲ್ಲಿದೆ. ಯಂತ್ರಕ್ಕೆ ಯಂತ್ರಕ್ಕೆ ಬದಲಾಗುವ ಭಾಗವನ್ನು ಅವರು ಪ್ರತ್ಯೇಕಿಸಿದರು. ಆ ಸಣ್ಣ ಭಾಗವನ್ನಷ್ಟೇ ಹೊಸದಾಗಿ ಬರೆದರೆ ಉಳಿದುದೆಲ್ಲ ಹಾಗೆಯೇ ನಡೆಯುತ್ತಿತ್ತು. ವರ್ಡ್‌ಸ್ಟಾರ್, ಡಿಬೇಸ್ ಮುಂತಾದ ತಂತ್ರಾಂಶಗಳು ಬೇರೆ ಬೇರೆ ತಯಾರಕರ ಗಣಕಗಳಲ್ಲಿ ಓಡಲು ಇದೇ ಕಾರಣ.

1980ರಲ್ಲಿ ಐಬಿಎಂ ತನ್ನ ವೈಯಕ್ತಿಕ ಗಣಕಕ್ಕಾಗಿ ಕಿಲ್ಡಾಲ್ ಅವರ ಬಾಗಿಲಿಗೆ ಬಂದಿತು. ವ್ಯವಹಾರ ನಿಮಿತ್ತ ಅವರು ತಮ್ಮ ವಿಮಾನದಲ್ಲಿ ಬೇರೆಡೆಗೆ ತೆರಳಿದ್ದರು. ಗೋಪ್ಯತೆಯ ಕರಾರಿಗೆ ಡೊರೊಥಿ ಸಹಿ ಹಾಕಲಿಲ್ಲ. ಮೋಜಿನ ಹಾರಾಟಕ್ಕಾಗಿ ಅವರು ಅವಕಾಶ ಕಳೆದುಕೊಂಡರೆಂಬ ಕಥೆ ಮುಂದೆ ಬೆಳೆದು, ಕೊನೆಯವರೆಗೂ ಅವರನ್ನು ನೋಯಿಸಿತು.

ಅತ್ತ ಮೈಕ್ರೋಸಾಫ್ಟ್, ಟಿಮ್ ಪ್ಯಾಟರ್ಸನ್ ಅವರು ಸಿಪಿ/ಎಂ ಮಾದರಿಯಲ್ಲಿ ಬರೆದಿದ್ದ 86-ಡಾಸ್ ಅನ್ನು ಖರೀದಿಸಿ ಐಬಿಎಂಗೆ ಒದಗಿಸಿತು. ಕಿಲ್ಡಾಲ್ ಆಕ್ಷೇಪಿಸಿದಾಗ ಸಿಪಿ/ಎಂ ಅನ್ನೂ ಮಾರಲು ಐಬಿಎಂ ಒಪ್ಪಿತಾದರೂ ಬೆಲೆಯೇ ತೀರ್ಪು ನೀಡಿತು: ಡಾಸ್‌ಗೆ 40 ಡಾಲರ್, ಸಿಪಿ/ಎಂಗೆ 240 ಡಾಲರ್.

ಅವರ ಸಂಸ್ಥೆ 1988ರಲ್ಲಿ ಡಿಆರ್-ಡಾಸ್ ಮೂಲಕ ಮತ್ತೆ ಪೈಪೋಟಿಗಿಳಿಯಿತು. 1991ರಲ್ಲಿ ನೋವೆಲ್ ಪಾಲಾಯಿತು. ಸಿ.ಡಿ.ಯಲ್ಲಿ ವಿಶ್ವಕೋಶ ತರುವ ಪ್ರಯತ್ನದಲ್ಲೂ ಕಿಲ್ಡಾಲ್ ಮುಂಚೂಣಿಯಲ್ಲಿದ್ದರು. ತಲೆಗೆ ಬಿದ್ದ ಪೆಟ್ಟಿನಿಂದ 1994ರ ಜುಲೈ 11ರಂದು ಅವರು ನಿಧನರಾದಾಗ ವಯಸ್ಸು ಕೇವಲ 52.

ಅದಕ್ಕೆ 12 ದಿನ ಮೊದಲು, ಜೂನ್ 29ರಂದು, ಜಿಮ್ ಹಾಲ್ ಎಂಬ ವಿದ್ಯಾರ್ಥಿ ಡಾಸ್‌ಗೆ ಮುಕ್ತ ಪರ್ಯಾಯವೊಂದನ್ನು ಕಟ್ಟುವ ಯೋಜನೆ ಪ್ರಕಟಿಸಿದ್ದರು. ಅದೇ ಫ್ರೀಡಾಸ್. 2006ರಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಹಳೆಯ ಆಟಗಳನ್ನೂ ಲೆಕ್ಕಪತ್ರದ ತಂತ್ರಾಂಶಗಳನ್ನೂ ಅದು ಇಂದಿಗೂ ಓಡಿಸುತ್ತದೆ. ವಿಂಡೋಸ್ ಇಲ್ಲದೆ ಭಾರತದಲ್ಲಿ ಮಾರಾಟವಾದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದ್ದುದೂ ಅದೇ. ಅದರ ಆದೇಶಗಳಲ್ಲಿ, ಡ್ರೈವ್‌ಗಳ ಅಕ್ಷರಗಳಲ್ಲಿ ಸಿಪಿ/ಎಂನ ಛಾಯೆ ಸ್ಪಷ್ಟ.

ಸಿಪಿ/ಎಂ ಕೂಡ ಮುಕ್ತವಾಯಿತು. 2001ರಲ್ಲಿ ದೊರೆತ ಸೀಮಿತ ಅನುಮತಿಯನ್ನು ಹಕ್ಕುದಾರರು 2022ರಲ್ಲಿ ವಿಸ್ತರಿಸಿ, ಯಾರು ಬೇಕಾದರೂ ಬಳಸಲು, ತಿದ್ದಲು, ಹಂಚಲು ಅವಕಾಶವಿತ್ತರು. ಪೆಸಿಫಿಕ್ ಗ್ರೋವ್‌ನಲ್ಲಿ ಡಿಜಿಟಲ್ ರಿಸರ್ಚ್ ಇದ್ದ ಕಟ್ಟಡದ ಮುಂದೆ 2014ರಲ್ಲಿ ಸ್ಮಾರಕ ಫಲಕ ನೆಲೆಗೊಂಡಿತು. ಸಂಪತ್ತಿನ ಓಟದಲ್ಲಿ ಹಿಂದುಳಿದ ಕಿಲ್ಡಾಲ್, ಗಣಕದ ಚರಿತ್ರೆಯಲ್ಲಿ ತಮ್ಮ ಸ್ಥಾನವನ್ನು ತಡವಾಗಿಯಾದರೂ ಪಡೆದರು.