ಕಿಟ್ಟೆಲ್ ಪಾದ್ರಿಯವರೂ ಕನ್ನಡದ ಹಾಡೂ

ಫೆರ್ಡಿನಾಂಡ್ ಕಿಟ್ಟೆಲರು 1832ರಲ್ಲಿ ಜರ್ಮನಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿ, 1853ರಲ್ಲಿ ಬಾಸೆಲ್ ಮಿಶನಿನ ಸೇವಕರಾಗಿ ಕನ್ನಡ ನಾಡಿಗೆ ಬಂದರು. ಸಭೆಗಳಲ್ಲಿ ಜರ್ಮನ್ ರಾಗಗಳೇ ಹೆಚ್ಚಾಗಿ ಕೇಳಿಬರುತ್ತಿದ್ದ ಆ ಕಾಲದಲ್ಲಿ ಅವರು ಈ ನಾಡಿನ ಛಂದಸ್ಸನ್ನು ಶ್ರದ್ಧೆಯಿಂದ ಕಲಿತು, ಯೇಸುಸ್ವಾಮಿಯ ಚರಿತ್ರೆಯನ್ನು ಹಾಡತಕ್ಕ ಪದ್ಯಗಳಲ್ಲಿ ಹೆಣೆದು, 1862ರಲ್ಲಿ ಮಂಗಳೂರಿನಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಅಚ್ಚಿಗೆ ತಂದರು. ಸುಮಾರು 70,000 ಶಬ್ದಗಳ ಅವರ ನಿಘಂಟು 1894ರಲ್ಲಿ ಹೊರಬಂದಿತು. 1903ರಲ್ಲಿ ಟ್ಯೂಬಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ಸಹೋದರಿಯರೇ, ಹೆತ್ತವರೇ, ಪುತ್ತೂರು, ಸುಳ್ಯ, ಕಡಬ ಸೀಮೆಯ ನಮ್ಮ ಯೌವನಸ್ಥರು ಹೊಸ ರಾಗಗಳನ್ನು ಕಲಿಯುವುದು ಸಂತೋಷವೇ ಸರಿ. ಆದರೆ ಪರದೇಶದವರೊಬ್ಬರು ಇಷ್ಟು ಶ್ರಮಪಟ್ಟು ಕಲಿತ ನಮ್ಮ ಧಾಟಿಗಳು ನಮ್ಮದೇ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಕೇಳದೆ ಹೋದರೆ, ನಷ್ಟವು ಯಾರದು?