ಸೂಜಿಯಿಂದ ಹೂ ಅರಳಿಸಿದ ಮೇ ಮಾರಿಸ್

ಇಂಗ್ಲೆಂಡಿನ ಕೆಂಟ್ ಪ್ರಾಂತದ ‘ರೆಡ್ ಹೌಸ್’ ಎಂಬ ಮನೆಯಲ್ಲಿ 1862ರ ಮಾರ್ಚ್ 25ರಂದು ಮೇ ಮಾರಿಸ್ ಜನಿಸಿದರು. ತಂದೆ ವಿಲಿಯಂ ಮಾರಿಸ್ ಕವಿ, ಕಲಾವಿದ. ತಾಯಿ ಜೇನ್ ಸೂಜಿಗೆಲಸದಲ್ಲಿ ನಿಪುಣೆ. ಆ ದಂಪತಿಗಳು ನೀಲಿ ಉಣ್ಣೆಯ ಅಗ್ಗದ ಬಟ್ಟೆಯ ಮೇಲೆ ಬಣ್ಣದ ದಾರಗಳಿಂದ ಹೂಗಿಡಗಳನ್ನು ಹೊಲಿದು, ಅದನ್ನೇ ಮನೆಯ ಗೋಡೆಗೆ ತೂಗುಬಿಡಲು ಸಿದ್ಧಪಡಿಸಿದ್ದರು. ಹೂವರಳಿದ ಗೋಡೆಗಳ ನಡುವೆ ಹುಟ್ಟಿದ ಈ ಮಗುವಿಗೆ ಸೂಜಿ ಹಿಡಿಯುವುದು ಅಕ್ಷರಾಭ್ಯಾಸದಷ್ಟೇ ಸಹಜವಾಯಿತು.

ಲಂಡನ್ನಿನ ಕಲಾಶಾಲೆಯಲ್ಲಿ ಕಲಿತ ಮೇ, 1885ರಲ್ಲಿ ತಮ್ಮ 23ನೆಯ ವಯಸ್ಸಿಗೇ ತಂದೆಯ ಕಂಪನಿಯ ಕಸೂತಿ ವಿಭಾಗದ ಹೊಣೆ ಹೊತ್ತರು. ಮೊದಲು ಕಾಗದದ ಮೇಲೆ ಹೂಬಳ್ಳಿಯ ಚಿತ್ರ ಬರೆಯುವುದು, ಅದನ್ನು ಬಟ್ಟೆಗೆ ಇಳಿಸುವುದು, ದಾರದ ಬಣ್ಣ ಆರಿಸುವುದು, ಹೊಲಿಯುವ ಹೆಣ್ಣುಮಕ್ಕಳನ್ನು ತಿದ್ದುವುದು, ಲೆಕ್ಕ ಬರೆಯುವುದು, ಎಲ್ಲವೂ ಅವರದೇ. ಪೂರ್ಣ ಪರದೆಗೆ ಬೆಲೆ ತೆರಲಾರದ ಗೃಹಿಣಿಯರಿಗಾಗಿ, ಚಿತ್ರ ಗುರುತಿಸಿ ಒಂದು ಮೂಲೆಯಷ್ಟೇ ಹೊಲಿದ ಬಟ್ಟೆಯನ್ನು ದಾರದೊಡನೆ ಮಾರುತ್ತಿದ್ದರು. ಉಳಿದುದನ್ನು ಕೊಂಡವರೇ ಮನೆಯಲ್ಲಿ ಹೊಲಿದು ಮುಗಿಸಬೇಕು. ಹೀಗೆ ಎಷ್ಟೋ ಮನೆಗಳ ಗೋಡೆಗೆ ಕಲೆ ತಲುಪಿತು.

ಆದರೆ ಕೆಲಸ ಮಗಳದಾದರೂ ಕೀರ್ತಿ ತಂದೆಗೇ ಸಲ್ಲುತ್ತಿತ್ತು. 1883ರಲ್ಲಿ ಮೇ ರಚಿಸಿದ ‘ಹನಿಸಕಲ್’ ಹೂಬಳ್ಳಿಯ ಗೋಡೆಕಾಗದವನ್ನು ಬಹುಕಾಲ ವಿಲಿಯಂ ಮಾರಿಸರ ಕೃತಿಯೆಂದೇ ಜನ ನಂಬಿದ್ದರು. ಈಕೆ ಜಗಳಕ್ಕೆ ನಿಲ್ಲಲಿಲ್ಲ, ದುಡಿದರು. 1893ರಲ್ಲಿ ಕಸೂತಿಯ ಕುರಿತು ಗ್ರಂಥ ಪ್ರಕಟಿಸಿದರು. ಮುಂದೆ ಲಂಡನ್ನಿನ ಸೆಂಟ್ರಲ್ ಸ್ಕೂಲಿನಲ್ಲಿ ಕಸೂತಿ ಕಲಿಸಿದರು. ಕಲಾವಿದರ ಸಂಘವು ಸ್ತ್ರೀಯರನ್ನು ಸೇರಿಸಿಕೊಳ್ಳದಿದ್ದಾಗ, 1907ರಲ್ಲಿ ಮಹಿಳಾ ಕಲಾವಿದೆಯರದೇ ಸಂಘವೊಂದನ್ನು ಸ್ಥಾಪಿಸಲು ಮುಂದಾದರು.

ತಂದೆಯ ಮೇಲಿನ ಭಕ್ತಿ ಮಾತ್ರ ಕುಂದಲಿಲ್ಲ. 1910ರಿಂದ 1915ರ ವರೆಗೆ ಅವರ ಸಮಗ್ರ ಕೃತಿಗಳನ್ನು 24 ಸಂಪುಟಗಳಲ್ಲಿ ಸಂಪಾದಿಸಿದರು. ತಂದೆಯ ಹೆಸರನ್ನು ಬೆಳಗಿಸಿದ ಆ ಶ್ರಮವೇ ತಮ್ಮ ಹೆಸರನ್ನು ಇನ್ನಷ್ಟು ಮರೆಯಾಗಿಸಿತೆನ್ನಬೇಕು. 1938ರ ಅಕ್ಟೋಬರ್ 17ರಂದು ಕೆಲ್ಮ್‌ಸ್ಕಾಟ್ ಗ್ರಾಮದಲ್ಲಿ ಅವರು ತೀರಿಕೊಂಡರು. ಸುಮಾರು 80 ವರ್ಷಗಳ ತರುವಾಯ, 2017ರಲ್ಲಿ, ಲಂಡನ್ನಿನಲ್ಲಿ ಅವರ ಕೃತಿಗಳದೇ ದೊಡ್ಡ ಪ್ರದರ್ಶನ ನಡೆದು, ಮಗಳ ಹೆಸರು ಮಗಳಿಗೆ ಮರಳಿತು.

ಈ ಕಥೆ ನಮಗೆ ದೂರದ್ದಲ್ಲ. ಧಾರವಾಡದ ಕಸೂತಿಯ ಗೋಪುರ, ತೇರು, ತುಳಸೀಕಟ್ಟೆಗಳನ್ನು ಎಳೆ ಎಣಿಸಿ ಹೊಲಿದ ಅಸಂಖ್ಯ ತಾಯಂದಿರ ಹೆಸರು ಯಾರಿಗೆ ಗೊತ್ತು? ಊರು ಬಿಟ್ಟು ಬರುವಾಗ ನಾವು ಪೆಟ್ಟಿಗೆಯಲ್ಲಿ ಮಡಿಸಿ ತಂದ ಸೀರೆ, ಕುಲಾವಿ, ಗೋಡೆಯ ಹೂಚಿತ್ರಗಳಲ್ಲಿ ಅವರ ಬೆರಳ ಗುರುತು ಇದೆ, ಹೆಸರಿಲ್ಲ. ಈ ರಾಜ್ಯೋತ್ಸವದಂದು ಮನೆಯ ಹಿರಿಯರನ್ನು ಕೇಳೋಣ. ಹೊಲಿದವರ ಹೆಸರು, ಊರು, ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದು ಆ ಬಟ್ಟೆಯ ಬೆನ್ನಿಗೆ ಹೊಲಿದಿಡೋಣ. ನಮ್ಮ ಮಕ್ಕಳು ಅದನ್ನು ಕನ್ನಡದಲ್ಲಿಯೇ ಓದಲಿ.