ಕಟ್ಟಿದವರು ಕಾಣದ ಗುಮ್ಮಟ

ರೋಮಿನ ಸಂತ ಪೇತ್ರರ ಮಹಾದೇವಾಲಯವನ್ನು ಹೊಕ್ಕವರ ದೃಷ್ಟಿ ತಾನಾಗಿ ಮೇಲೇರುತ್ತದೆ. ಸುಮಾರು 42 ಮೀಟರ್ ಅಗಲದ ಆ ಗುಮ್ಮಟವನ್ನು ರೂಪಿಸಿದವರು ಮೈಕೆಲೇಂಜೆಲೊ. 1475ರಲ್ಲಿ ಇಟಲಿಯ ಕಪ್ರೇಸೆಯಲ್ಲಿ ಜನಿಸಿ, ಶಿಲ್ಪಿಯಾಗಿ, ಚಿತ್ರಕಾರರಾಗಿ ಕೀರ್ತಿಶಿಖರವನ್ನೇರಿದ್ದ ಅವರಿಗೆ ಜಗದ್ಗುರು ಮೂರನೆಯ ಪೌಲರು ಈ ಹೊಣೆಯನ್ನು ಒಪ್ಪಿಸಿದ್ದು 1547ರಲ್ಲಿ. ಆಗ ಅವರಿಗೆ ವಯಸ್ಸು ಎಪ್ಪತ್ತು ಮೀರಿತ್ತು. ವಾಸ್ತುಶಿಲ್ಪ ತಮ್ಮ ವೃತ್ತಿಯಲ್ಲವೆಂದು ಹಿಂಜರಿದರೂ, ಒಪ್ಪಿದ ಮೇಲೆ ವೇತನವನ್ನು ನಿರಾಕರಿಸಿ ದೇವರ ಪ್ರೀತಿಗಾಗಿ ದುಡಿದರು. ತೊಡಕಾಗಿದ್ದ ನಕ್ಷೆಯನ್ನು ಸರಳಗೊಳಿಸಿ, ಬ್ರಮಾಂತೆಯ ಮೂಲ ಆಶಯಕ್ಕೆ ಮರಳಿದರು. 1564ರಲ್ಲಿ ಅವರು ಕಣ್ಮುಚ್ಚಿದಾಗ ಗುಮ್ಮಟವನ್ನು ಹೊರುವ ದುಂಡು ಗೋಡೆ ಮಾತ್ರ ಬಹುಮಟ್ಟಿಗೆ ಮೇಲೆದ್ದಿತ್ತು. ಜಾಕೊಮೊ ದೆಲ್ಲಾ ಪೋರ್ತಾ ಗುಮ್ಮಟವನ್ನು ತುಸು ಎತ್ತರಿಸಿ 1590ರಲ್ಲಿ ಪೂರೈಸಿದರು. ಬಿತ್ತಿದ್ದರ ಫಲವನ್ನು ನಾವೇ ಕಾಣಬೇಕೆಂದು ಹಂಬಲಿಸುತ್ತೇವೆ. ಮಕ್ಕಳಲ್ಲಿ ವಿಶ್ವಾಸ ಬೇಗನೆ ಬೇರೂರದಿದ್ದರೆ ಎದೆಗುಂದುತ್ತೇವೆ. ಗೋಡೆಯನ್ನು ನೇರವಾಗಿ ಎಬ್ಬಿಸುವುದಷ್ಟೇ ನಮ್ಮ ಪಾಲಿನ ಕೆಲಸವಾಗಿದ್ದರೆ?